ಎಲೆ ಆರಿಸಿದ ಕೈ

ಇದನ್ನು ಕಣ್ಣಾರೆ ಕಂಡವನು ಈ ಸೀಮೆಯಲ್ಲಿ ನಾನೊಬ್ಬನೇ. ಕಾದ ಗುಂಡನ್ನು ಇಕ್ಕಳದಲ್ಲಿ ಹಿಡಿದು ನಿಂತಿದ್ದವನೂ ನಾನೇ. ಸುಳ್ಳು. ಆಗಿನ್ನೂ ನನ್ನ ಮುತ್ತಜ್ಜನ ಮುತ್ತಜ್ಜನೂ ಹುಟ್ಟಿರಲಿಲ್ಲ. ಆದರೂ ಕೇಳಿ.

ಹೊಳೆ ದಂಡೆಯ ಮಠದಲ್ಲಿ ನಿರ್ವಾಣಯ್ಯ ಎಂಬ ಗುರು, ಬೊಮ್ಮರಸ ಎಂಬ ಶಿಷ್ಯ. ಶಿಷ್ಯನಿಗೆ ಮರುದಿನ ಊರಿನ ನ್ಯಾಯಪೀಠ ಏರುವ ಯೋಗ. ಹಿಂದಿನ ಕಾಲದ ಶಿಕ್ಷೆಗಳನ್ನೆಲ್ಲ ಬಾಯಿಪಾಠ ಮಾಡಿ ತಲೆ ಕೆಡಿಸಿಕೊಂಡಿದ್ದ. ಒಬ್ಬ ಅರಸನ ಕಾಲದಲ್ಲಿ ಕಳ್ಳನ ಕೈ ಕಡಿದರಂತೆ. ಅವನ ಮಗನ ಕಾಲದಲ್ಲಿ ಅದೇ ಕಳ್ಳತನಕ್ಕೆ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ. ಮೊಮ್ಮಗನ ಕಾಲಕ್ಕೆ ಊರಾಚೆ ಅಟ್ಟಿದರು. ಈಗ ಮತ್ತೆ ಕೈ ಕಡಿಯುವುದೇ ಬಂದಿದೆ.

"ಇದರಲ್ಲಿ ಯಾವುದು ಸರಿ, ಗುರುಗಳೇ?"

"ಮಠದ ತಾಮ್ರದ ಕೊಡ ಕಾಣುತ್ತಿಲ್ಲ," ಎಂದರು ಗುರುಗಳು.

ತಾನು ಕೇಳಿದ್ದೇನು, ಇವರು ಹೇಳುತ್ತಿರುವುದೇನು ಎಂದು ಬೊಮ್ಮರಸ ಪಿಳಿಪಿಳಿ ನೋಡಿದ.

ಬೊಮ್ಮರಸನ ಅನುಮಾನ ಅಂಬಿಗ ಹಳದಪ್ಪನ ಮೇಲೆ ಬಿತ್ತು. ಬೆಳಿಗ್ಗೆ ಮಠದೊಳಗೆ ಬಂದು ಹೋದವನು ಅವನೇ. ಅವನೋ ಹೊಳೆಯ ಮೇಲೆ ಆಣೆ ಇಟ್ಟ, ದಿವ್ಯಕ್ಕೂ ಸಿದ್ಧ ಎಂದ. ದಿವ್ಯವೆಂದರೆ ಅಂಗೈಗೆ ಅರಳಿ ಎಲೆ ಕಟ್ಟಿ, ಮೇಲೆ ಕಾದ ಕಬ್ಬಿಣದ ಗುಂಡು ಇಡುವುದು. ಅಂಗೈ ಸುಡದಿದ್ದರೆ ಸಾಚಾ. ಸುಟ್ಟರೆ ಕಳ್ಳ, ದೋಣಿಗೆ ಹುಟ್ಟು ಹಾಕುವ ಕೈಯೇ ಹೋಯಿತು.

ಎಲೆ ಕಟ್ಟುವ ಕೆಲಸ ಬೊಮ್ಮರಸನದು. ಅವನು ಅರಳಿ ಮರದ ಬುಡದಲ್ಲಿ ಬಗ್ಗಿ, ಸಿಕ್ಕಷ್ಟು ಎಲೆ ಆರಿಸಿ ತಂದು ಅಂಬಿಗನ ಅಂಗೈಗೆ ಕಟ್ಟಿದ.

ಗುರುಗಳು ತಮ್ಮ ಕೈಯನ್ನೂ ಚಾಚಿದರು. "ನನಗೂ ಕಟ್ಟು. ಬೆಳಿಗ್ಗೆ ನಾನೂ ಒಳಗೇ ಇದ್ದೆನಲ್ಲ."

ತಾವು ಕದಿಯುವುದೆಲ್ಲಾದರೂ ಉಂಟೇ ಎಂದು ಶಿಷ್ಯ ತಡವರಿಸಿದ. ಚಾಚಿದ ಕೈ ಹಿಂದೆ ಸರಿಯಲಿಲ್ಲ. ಬೊಮ್ಮರಸ ಪಂಚೆ ಎತ್ತಿ ಕಟ್ಟಿ ಮರ ಹತ್ತಿದ. ದಪ್ಪನೆಯ ಹಸಿರೆಲೆ ಕಿತ್ತು ತಂದು, ಒಂದರ ಮೇಲೊಂದು ಒಟ್ಟಿ ಕಟ್ಟಿದ.

ಹಳದಪ್ಪ ಎರಡೂ ಕೈ ನೋಡಿದ. "ಬುದ್ಧಿಯೋರ ಕೈ ಮ್ಯಾಲೆ ತೋಪೇ ಕುಂತದೆ. ನನ್ನ ಕೈ ಮ್ಯಾಲೆ ತಿಪ್ಪೆ."

ಬೊಮ್ಮರಸನೂ ಆಗಲೇ ನೋಡಿದ್ದು. ಅಂಬಿಗನ ಅಂಗೈಯಲ್ಲಿ ಒಣಗಿದ, ಹುಳ ತಿಂದು ತೂತಾದ ಎಲೆ. ಬೇಕೆಂದು ಮಾಡಿದ್ದಲ್ಲ. ಹಾಗಾದರೆ ಹೇಗಾಯಿತು?

ಗುರುಗಳು ತಮ್ಮ ಎಲೆ ಬಿಚ್ಚಿ ಅಂಬಿಗನಿಗೆ ಕಟ್ಟಿದರು. ಅವನ ತರಗೆಲೆ ತಾವು ಕಟ್ಟಿಕೊಂಡು, ಗುಂಡಿಗೆ ಕೈ ಒಡ್ಡಿದರು.

ಹಳದಪ್ಪ ಆ ಕೈ ಹಿಡಿದುಕೊಂಡ. "ಬ್ಯಾಡಿ ಬುದ್ಧಿ. ಕೊಡ ನನ್ನ ದೋಣಿಯಾಗದೆ."

ಬೊಮ್ಮರಸನಿಗೆ ಹೋದ ಜೀವ ಬಂದಂತಾಯಿತು. ತನ್ನ ಅನುಮಾನ ಸರಿಯೇ ಇತ್ತು. ಆದರೂ ಗುರುಗಳ ಕೈಯ ತೂತೆಲೆಯನ್ನೇ ನೋಡುತ್ತಿದ್ದ.

"ಹಾಗಾದರೆ ಇವನ ಕೈ ಕಡಿಯುವುದೇ, ಅಲ್ಲವೇ ಗುರುಗಳೇ?"

ಅದಕ್ಕೆ ಗುರುಗಳು ಹೇಳಿದ್ದನ್ನು, ನನ್ನ ಚಹಾದ ಕಾಸು ನೀವು ಕೊಡುವುದಾದರೆ ಹೇಳುತ್ತೇನೆ. ಕೊಡುತ್ತೀರಾ? ಸರಿ.

"ಕಡಿಯೋಣ. ಕದ್ದ ಕೈ ಮೊದಲೋ, ಎಲೆ ಆರಿಸಿದ ಕೈ ಮೊದಲೋ, ನೀನೇ ಹೇಳು."