ದಾಳಿಂಬೆ ಗಿಡಕ್ಕೆ ಅಮಲ್ದಾರರ ಬೂಟು

“ಬರುವ ಸಂಕ್ರಾಂತಿಗೆ ಈ ದಾಳಿಂಬೆ ಹಣ್ಣು ಬಿಡದಿದ್ದರೆ ನಿನಗೆ ಕೆಲಸವಿಲ್ಲ,” ಎಂದರು ಹೊಸದಾಗಿ ಬಂದ ಅಮಲ್ದಾರರು.

“ಮುದಿ ಗಿಡ, ಬುದ್ಧಿ. ಒಣಗಿದ ಐದು ಕೊಂಬೆ ಕಡಿದರೆ ಚಿಗುರ್ತದೆ,” ಎಂದ ಬಂಗಲೆಯ ಮಾಲಿ ದೊಡ್ಡೀರಯ್ಯ.

“ಸರ್ಕಾರಿ ಸ್ವತ್ತು! ಒಂದು ಕಡ್ಡಿ ಮುರಿದರೂ ಜೋಕೆ!”

ದೊಡ್ಡೀರಯ್ಯ ಬುಡಕ್ಕೆ ಗೊಬ್ಬರ ಹಾಕಿದ. ಆಮೇಲೆ ಅಮಲ್ದಾರರು ಎಸೆದಿದ್ದ ಹಳೆಯ ಬೂಟುಗಳನ್ನು ಹುಡುಕಿ ತಂದು, ಒಣಗಿದ ಐದು ಕೊಂಬೆಗೂ ಒಂದೊಂದು ಕಟ್ಟಿದ.

ಮರುದಿನ ಅರ್ಜಿ ಹಿಡಿದು ಬಂದವರೆಲ್ಲ ಗಿಡ ನೋಡಿ ಮುಸಿಮುಸಿ ನಕ್ಕರು. ಅಮಲ್ದಾರರು ಹೊರಗೆ ಬಂದರು.

“ಏನಯ್ಯಾ ಇದು? ನನ್ನ ಬೂಟು!”

“ಬರಡು ಗಿಡಕ್ಕೆ ಹಳೇ ಜೋಡು ಕಟ್ಟಿದರೆ ಕೆಟ್ಟ ಕಣ್ಣು ಬೀಳದೆ ಕಾಯಿ ಹಿಡೀತದೆ, ಬುದ್ಧಿ. ದೊಡ್ಡವರ ಜೋಡಾದರೆ ಇನ್ನೂ ಒಳ್ಳೇದು ಅಂತ ತಮ್ಮದನ್ನೇ ಕಟ್ಟಿದೆ.”

“ಈಗಲೇ ಬಿಚ್ಚು!”

“ಅಯ್ಯೋ! ಬಿಚ್ಚಿದರೆ ಆ ಕೆಟ್ಟ ಕಣ್ಣೆಲ್ಲ ಜೋಡಿನ ಯಜಮಾನರಿಗೇ ತಗಲ್ತದಂತೆ. ನನ್ನ ಕೈಲಾಗದು. ಬೇಕಾದರೆ ತಾವೇ ಬಿಚ್ಚಿ.”

ಅಮಲ್ದಾರರ ಕೈ ಬೂಟಿನ ತನಕ ಹೋಯಿತು, ನಿಂತಿತು, ಹಿಂದಕ್ಕೆ ಬಂತು.

“ಕೊಂಬೆ ಸಮೇತ ಕಡಿದು ಬಿಸಾಡು!”

“ಸರ್ಕಾರಿ ಸ್ವತ್ತು, ಬುದ್ಧಿ...”

“ನಾನೇ ಹೇಳ್ತಿದ್ದೀನಲ್ಲ, ಕಡಿಯಯ್ಯಾ!”

ದೊಡ್ಡೀರಯ್ಯ ಬೆಳಿಗ್ಗೆಯೇ ಮಸೆದಿಟ್ಟಿದ್ದ ಮಚ್ಚು ತಂದ.

ಸಂಕ್ರಾಂತಿಯ ದಿನ ಅವನು ಆ ಗಿಡದಿಂದ ಮೂವತ್ತೆರಡು ಹಣ್ಣು ಕೊಯ್ದ.