ಕೆಂದಿ ಪಾಠಕ್ಕೆ ಹೋದದ್ದು

ಓಬಳ ಅಂತ ಒಬ್ಬ ಇದ್ದ ಕಣ್ರಪ್ಪ. ಆಳು ಬಾಗಿಲೆತ್ತರ, ಬುದ್ಧಿ ಒಂದು ಚಿಟಿಕೆ. ಅವರವ್ವ ತಿಪ್ಪಕ್ಕ. ಮನೇಲಿದ್ದದ್ದು ಒಂದೇ ಹಸು, ಕೆಂದಿ. ಕರು ಹಾಕಿ ಹತ್ತು ದಿನಕ್ಕೇ ಮೇವು ಬಿಟ್ಟುಬಿಡ್ತು. ಹಾಲು ಬತ್ತಿತು. ಕರು ಏಳೋಕಾಗದೆ ಮಲಗಿತು. ಅದು ಉಳಿಯುತ್ತೋ ಇಲ್ಲವೋ ಅಂತ ತಿಪ್ಪಕ್ಕ ಗಳಿಗೆಗೊಂದು ಸಲ ಕೊಟ್ಟಿಗೇಲಿ ಇಣುಕೋಳು.

ಆ ವಾರವೆಲ್ಲ ಊರಿನ ದನ ಸಾಕೋರು ಹೊಂಗೆಮರದಡಿ ಸೇರಿ, ಯಾವ ಮೇವು, ಎಷ್ಟು, ಎಲ್ಲಿ ಮೇಯಿಸೋದು ಅಂತ ಒಬ್ಬರಿಂದೊಬ್ಬರು ಕಲೀತಿದ್ದರು. ದನದ ಡಾಕ್ಟರೂ ಬರೋರು, ವಯಸ್ಸಾದೋರು. ತಿಪ್ಪಕ್ಕನಿಗೋ ಮಂಡಿನೋವು.

"ನೀನೇ ಹೋಗೋ ಮಗ. ಅವರು ಕೊಟ್ಟಿದ್ದನ್ನ ಸಣ್ಣಗೆ ಕತ್ತರಿಸಿ ಕೆಂದಿಗೆ ಹಾಕು."

"ಆಗ್ಲವ್ವ!"

ಹೋದ. ಅವರು ಸೀಮೆಹುಲ್ಲಿನ ಕಡ್ಡಿ ಕೊಟ್ಟರು, ಹೊಲದಲ್ಲಿ ನೆಡೋಕೆ. ಇವನು ಕಚಕಚ ಕತ್ತರಿಸಿ ಹಾಕಿದ. ಕೆಂದಿ ಮೂಸಿ ಮುಖ ತಿರುಗಿಸಿತು.

"ಅಯ್ಯೋ ಪೆದ್ದೇ! ಅದನ್ನ ಮಣ್ಣಲ್ಲಿ ಹೂತು ಒಂದು ಕೊಡ ನೀರು ಹುಯ್ಯಬೇಕಿತ್ತು ಕಣೋ!"

"ಆಗ್ಲವ್ವ, ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ದನ ನೆಕ್ಕೋ ಉಪ್ಪಿನ ಗಟ್ಟಿ ಕೊಟ್ಟರು. ಹೂತ! ಕೊಡದ ತುಂಬ ನೀರು ಹುಯ್ದ! ಉಪ್ಪು ಕರಗಿ ಹೋಯ್ತು.

"ನನ್ನ ಕರ್ಮವೇ! ಹಗ್ಗ ಕಟ್ಟಿ ಕೊಟ್ಟಿಗೇಲಿ ನೇತುಹಾಕಬೇಕಿತ್ತಲ್ಲೋ!"

"ಆಗ್ಲವ್ವ, ನಾಳೆ ಹಂಗೇ ಮಾಡ್ತೀನಿ!"

ಮೂರನೇ ದಿನ ಒಂದು ಬುಟ್ಟಿ ಅಲಸಂದೆ ಬೀಜ ಕೊಟ್ಟರು, ಬಿತ್ತಿ ಮೇವು ಮಾಡ್ಕೊಳ್ಳಿ ಅಂತ. ಇವನು ನೇತುಹಾಕಿದ. ಊರ ಕೋಳಿಯೆಲ್ಲ ಬುಟ್ಟಿಗೆ ಹಾರಿ ಹಬ್ಬ ಮಾಡಿದವು. ನಗ್ತೀರಾ? ತಿಪ್ಪಕ್ಕ ಅತ್ತೇಬಿಟ್ಟಳು.

"ಕರು ಸಾಯ್ತಾ ಇದೆ ಕಣೋ! ನೀನು ಗೂಟಕ್ಕೆ ಕಟ್ಟಿಸ್ಕೊಂಡು ಬಿದ್ದಿರು! ಕೆಂದೀನೇ ಕಳಿಸಿದ್ರೂ ನಿನಗಿಂತ ಚೆನ್ನಾಗಿ ಕಲಿತು ಬರ್ತಿತ್ತು!"

"ಆಗ್ಲವ್ವ!"

ನಾಲ್ಕನೇ ದಿನ ಕೆಂದೀನ ಹೊಂಗೆಮರದವರೆಗೂ ಹೊಡ್ಕೊಂಡು ಹೋಗಿ, "ಗಮನ ಇಟ್ಟು ಕೇಳಮ್ಮ" ಅಂದು, ತಾನು ಓಡಿ ಬಂದು ಗೂಟಕ್ಕೆ ಕಟ್ಟಿಕೊಂಡು ಕೂತ.

ಪಾಠ ಕೇಳೋರ ನಡುವೆ ಹಸು! ನಕ್ಕರು. ಆಮೇಲೆ ಅದರ ಎಲುಬು ನೋಡಿ ಹತ್ತಿರ ಬಂದರು. ಜೊಲ್ಲು ಸುರೀತಿತ್ತು. "ನಾಲ್ಕು ಜನ ಹಿಡ್ಕೊಳ್ರೋ" ಅಂದ ಡಾಕ್ಟರು ಬಾಯಿ ತೆಗೆಸಿ ನೋಡಿದರೆ, ನಾಲಿಗೆ ಅಡಿಯಲ್ಲಿ ಬೆರಳುದ್ದದ ಜಾಲಿಮುಳ್ಳು! ಕಿತ್ತರು. ಔಷಧಿ ಹಚ್ಚಿದರು. ಒಬ್ಬೊಬ್ಬರೂ ತಮ್ಮ ಹಸಿಮೇವು ತಂದು ಮುಂದಿಟ್ಟರು. ಕೆಂದಿ ಒಂದು ಎಸಳೂ ಬಿಡಲಿಲ್ಲ.

ಎರಡು ದಿನಕ್ಕೆ ಕೆಚ್ಚಲು ತುಂಬಿತು. ಕರು ಎದ್ದು ಕುಣೀತು. ತಿಪ್ಪಕ್ಕ ಮಗನ ತಲೆ ನೇವರಿಸಿ, "ಇನ್ಮೇಲೆ ಯಾರಾದ್ರೂ ತಿನ್ನೋದು ಬಿಟ್ರೆ ಮೊದ್ಲು ಬಾಯಿ ನೋಡ್ಬೇಕು ಕಂದ" ಅಂದಳು.

"ಆಗ್ಲವ್ವ!"

ಸಂಜೆ ಡಾಕ್ಟರು ಕರು ನೋಡೋಕೆ ಬಂದರು. ತಿಪ್ಪಕ್ಕ ಬಿಸಿ ರೊಟ್ಟಿ ತಂದಿಟ್ಟಳು. "ಬೇಡ ತಾಯಿ" ಅಂದರು ಪಾಪ, ಸಂಕೋಚಕ್ಕೆ.

ಓಬಳ ಅವರ ಮೇಲೆ ಹಾರಿ ಬಿದ್ದ! ದವಡೆ ಹಿಡಿದ! ಬಾಯಿಗೆ ಕೈ ಹಾಕಿ ಎಳೆದ! ಕಟ್ಟಿಸಿದ ಹಲ್ಲಿನ ಸೆಟ್ಟು ಇಡಿಯಾಗಿ ಕೈಗೆ ಬಂತು.

"ಅವ್ವಾ, ಸಿಕ್ತು! ಎಷ್ಟು ದೊಡ್ಡದು ಸಿಕ್ಕಾಕ್ಕೊಂಡಿತ್ತು ನೋಡು! ಬಡಿಸವ್ವ, ಬಡಿಸು, ಈಗ ಹೊಟ್ಟೆ ತುಂಬ ತಿಂತಾರೆ!"