ಕುದುರೆ ಹೊತ್ತು ಹೊಳೆ ದಾಟಿದ ಭೈರಮಲ್ಲ

ತೊರೆಗೋಡಿನ ದೊರೆ ಕೆಂಚನಾಯಕನಿಗೆ ಶೌರ್ಯದ ಮಾತು ಕೇಳುವ ಚಪಲ. ಅದು ನಿಜವೋ ಸುಳ್ಳೋ ಎಂದು ನೋಡುವ ತಾಳ್ಮೆ ಮಾತ್ರ ಇರಲಿಲ್ಲ. ಅಂಥವನ ಆಸ್ಥಾನಕ್ಕೆ ಒಂದು ದಿನ ಭೈರಮಲ್ಲ ಎಂಬ ಪರಸ್ಥಳದ ಆಸಾಮಿ ಬಂದ. ಅವನ ಮೀಸೆ ಕಿವಿ ಮುಟ್ಟುತ್ತಿತ್ತು, ಮಾತು ಮುಗಿಲು ಮುಟ್ಟುತ್ತಿತ್ತು.

"ಪ್ರಭು, ಹೋದ ಆಷಾಢದಲ್ಲಿ ನಿಮ್ಮ ಹೊಳೆ ದಂಡೆ ಮೀರಿ ಹರಿಯಿತಲ್ಲ, ಆಗ ಈಜಿ ದಾಟಿದವನು ನಾನು. ಅದೂ ಹೆಗಲ ಮೇಲೆ ಒಂದು ಕುದುರೆ ಹೊತ್ತುಕೊಂಡು!"

"ಭಲೇ!" ದೊರೆ ತೊಡೆ ತಟ್ಟಿದ. "ಹೊಳೆದಂಡೆಯ ಕೋಟೆಗೆ ಇನ್ನು ನೀನೇ ಕಿಲ್ಲೇದಾರ. ಮುದುಕ ಹನುಮಪ್ಪ ಮನೆಗೆ ಹೋಗಲಿ."

ಮೂಲೆಯಲ್ಲಿ ನಿಂತಿದ್ದ ಹನುಮಪ್ಪ ತಲೆ ತಗ್ಗಿಸಿದ. ದೊರೆಯ ತಂದೆಯನ್ನು ಉಳಿಸಲು ಹೋಗಿ ಕಾಲು ಕುಂಟಾದವನು ಅವನು. ಅದನ್ನು ಕಂಡು ಆಸ್ಥಾನದ ವಿದೂಷಕ ಸಿಂಗಾರಯ್ಯನಿಗೆ ಸಹಿಸಲಾಗಲಿಲ್ಲ. ಸುಳ್ಳು ಎಂದುಬಿಟ್ಟರೆ ದೊರೆಗೇ ಮುಖಭಂಗ. ಅವನು ಕೈಮುಗಿದು, ಬೆಣ್ಣೆಯಂಥ ದನಿಯಲ್ಲಿ ಕೇಳಿದ:

"ಮಲ್ಲರೇ, ಆ ಕುದುರೆ ಬಿಳಿಯದೇ ಇರಬೇಕಲ್ಲ?"

"ಹಾಲಿನಂಥ ಬಿಳುಪು!"

"ಹಣೆಯ ಮೇಲೆ ಕಂದು ಮಚ್ಚೆ? ಒಳ್ಳೆಯ ಜಾತಿಯದಕ್ಕೆ ಅದು ಇರುತ್ತದಂತೆ."

"ಇಲ್ಲದೆ ಏನು? ಅಂಗೈಯಗಲ ಇತ್ತು. ಕಂಡಕಂಡ ಕುದುರೆಯನ್ನೆಲ್ಲ ನಾನು ಹೊರುವುದಿಲ್ಲ."

"ಕಾಲಿಗೆ ಬೆಳ್ಳಿಗೆಜ್ಜೆ?"

"ನಾಲ್ಕೂ ಕಾಲಿಗೆ! ಆ ಭಾರ ಬೇರೆ!"

ದೊರೆಯ ಮುಖದ ನಗು ಆರಿತು. ಅವನ ಮುದ್ದಿನ ಬಿಳಿ ಕುದುರೆ, ಅದೇ ಮಚ್ಚೆಯದು, ಅದೇ ಗೆಜ್ಜೆಯದು, ಅದೇ ನೆರೆಯ ದಿನ ಲಾಯದಿಂದ ಕಾಣೆಯಾಗಿತ್ತು. ಕದ್ದವನನ್ನು ಕೋಟೆಬಾಗಿಲಿಗೆ ನೇಣು ಹಾಕಿಸುತ್ತೇನೆಂದು ಡಂಗುರ ಹೊಡೆಸಿದ್ದ.

"ಹಿಡಿಯಿರಿ ಈ ಕಳ್ಳನನ್ನು!"

ಕಾವಲಿನವರು ರಟ್ಟೆ ಹಿಡಿದದ್ದೇ ತಡ, ಭೈರಮಲ್ಲ ನೆಲಕ್ಕೆ ಕುಸಿದ.

"ಅಯ್ಯೋ ಪ್ರಭು, ಕುದುರೆಯೇ ಇರಲಿಲ್ಲ!"

"ಹಾಗಾದರೆ ಬರಿ ಹೆಗಲಲ್ಲಿ ಈಜಿದೆಯೋ?" ಸಿಂಗಾರಯ್ಯ ಕೇಳಿದ. ಈಗ ದನಿಯಲ್ಲಿ ಬೆಣ್ಣೆ ಇರಲಿಲ್ಲ.

"ನನಗೆ ಈಜು ಬರುವುದಿಲ್ಲ ಸ್ವಾಮಿ."

"ಮತ್ತೆ ಹೇಗೆ ದಾಟಿದೆ?"

"ಮೊನ್ನೆ… ಹರಿಗೋಲಿನಲ್ಲಿ. ನೀರು ಮೊಣಕಾಲುದ್ದ ಇತ್ತು. ಆದರೂ ತಲೆ ತಿರುಗಿತು. ಅಂಬಿಗರ ಅಜ್ಜಿಯ ಸೆರಗು ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾವಲಿನವನೊಬ್ಬ ಆ ಮೀಸೆಯ ತುದಿಯನ್ನು ಹಿಡಿದು ಕೆಳಕ್ಕೆ ಬಾಗಿಸಿದ.

ದೊರೆ ನಾಚಿಕೊಂಡು ಹನುಮಪ್ಪನನ್ನು ಹತ್ತಿರ ಕರೆದ. "ಕೋಟೆ ನಿನ್ನದೇ, ಹನುಮಪ್ಪ. ನನ್ನ ಕಿವಿಯೇ ಸರಿಯಿಲ್ಲ." ಆಮೇಲೂ ಅವನಿಗೆ ಒಂದು ಅನುಮಾನ ಉಳಿದಿತ್ತು. "ಸಿಂಗಾರಯ್ಯ, ಪ್ರಾಣಭಯಕ್ಕೆ ಹೀಗೆ ಹೇಳುತ್ತಿದ್ದರೆ? ಕುದುರೆ ಕದ್ದವನು ನಿಜವಾಗಿಯೂ ಇವನೇ ಆಗಿದ್ದರೆ?"

ಸಿಂಗಾರಯ್ಯ ನೆಲದ ಮೇಲಿದ್ದವನನ್ನು ಒಮ್ಮೆ ನೋಡಿದ.

"ಬಿಟ್ಟುಬಿಡಿ ಪ್ರಭು. ಕಳ್ಳತನಕ್ಕೂ ಸ್ವಲ್ಪ ಎದೆಗಾರಿಕೆ ಬೇಕಾಗುತ್ತದೆ."